ಅಮೆರಿಕದ ರಾಜ್ಯ ಸರ್ಕಾರದಲ್ಲಿ ಮಾಂಸ ತಪಾಸಣೆಯ ಸೂಪರ್‌ವೈಸರ್ ಆದಿರಾ? ಇಲ್ಲಿಂದ ಶುರು ಮಾಡಿ

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರಲ್ಲಿ ಕೆಲವರು ಊರಲ್ಲಿ ಪಶುವೈದ್ಯ ಪದವಿ ಬಿ.ವಿ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಬಂದವರು. ಇನ್ನು ಕೆಲವರು ಇಲ್ಲೇ ಇನ್ಸ್‌ಪೆಕ್ಟರ್ ಆಗಿ ಐದಾರು ವರ್ಷ ಕಳೆದು ಈಗಷ್ಟೇ ಬಡ್ತಿ ಸಿಕ್ಕವರು. ಎಲ್ಲರ ಮಾತೂ ಹೆಚ್ಚು ಕಡಿಮೆ ಒಂದೇ: "ಪ್ರಾಣಿ ನೋಡೋದು ಗೊತ್ತು, ಮಾಂಸ ನೋಡೋದು ಗೊತ್ತು. ಈಗ ನೋಡುವವರನ್ನೇ ನೋಡ್ಕೋಬೇಕಂತೆ. ಎಲ್ಲಿಂದ ಶುರು ಮಾಡಲಿ?"

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದು ದನ, ಹಂದಿ, ಕುರಿ, ಆಡು, ಕೋಳಿ ಕೊಯ್ಯುವ ಮತ್ತು ಮಾಂಸ ಸಂಸ್ಕರಿಸುವ ಸಣ್ಣ, ಮಧ್ಯಮ ಪ್ಲಾಂಟ್‌ಗಳನ್ನು ರಾಜ್ಯ ಸರ್ಕಾರದ ಪರವಾಗಿ ನೋಡಿಕೊಳ್ಳುವವರಿಗೆ. ಫಾರಂ ನಂಬರು, ಇಲಾಖೆಯ ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲಸದ ಬೆನ್ನೆಲುಬು ಎಲ್ಲ ಕಡೆ ಒಂದೇ.

ಮೊದಲು ಕೈಯಲ್ಲಿ ಇರಬೇಕಾದ್ದು

ಎರಡು ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆಗಳು ಈ ಕೆಲಸದ ತಳಹದಿ. ಒಂದು 1906ರ ಮಾಂಸ ತಪಾಸಣಾ ಕಾಯ್ದೆ. ಇನ್ನೊಂದು 1957ರ ಕೋಳಿ ಉತ್ಪನ್ನಗಳ ತಪಾಸಣಾ ಕಾಯ್ದೆ. 1967ರಲ್ಲಿ ಮಾಂಸಕ್ಕೆ, 1968ರಲ್ಲಿ ಕೋಳಿಗೆ ತಿದ್ದುಪಡಿ ಬಂತು. ರಾಜ್ಯಗಳು ತಮ್ಮದೇ ತಪಾಸಣೆ ನಡೆಸಬಹುದು, ಆದರೆ ಅದು ಫೆಡರಲ್ ತಪಾಸಣೆಗೆ "ಕನಿಷ್ಠ ಸಮ" ಇರಬೇಕು ಎಂಬ ಷರತ್ತು ಆಗ ಸೇರಿತು. ಇದನ್ನು ಕಚೇರಿಯಲ್ಲಿ ಎಲ್ಲರೂ "ಈಕ್ವಲ್ ಟು" ಅಂತಲೇ ಕರೆಯುತ್ತಾರೆ. ಷರತ್ತು ಪಾಲಿಸಿದರೆ ರಾಜ್ಯದ ಖರ್ಚಿನಲ್ಲಿ ಅರ್ಧದವರೆಗೆ ಫೆಡರಲ್ ಸರ್ಕಾರ ಕೊಡುತ್ತದೆ. ಪಾಲಿಸದಿದ್ದರೆ ಫೆಡರಲ್ ಸರ್ಕಾರದ ಆಹಾರ ಸುರಕ್ಷತೆ ಮತ್ತು ತಪಾಸಣಾ ಸಂಸ್ಥೆ ಎಫ್.ಎಸ್.ಐ.ಎಸ್. ಬಂದು ಕೆಲಸವನ್ನೇ ವಹಿಸಿಕೊಳ್ಳುತ್ತದೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ರಾಜ್ಯಗಳಲ್ಲಿ ಈಗ ಇರುವುದು ಫೆಡರಲ್ ತಪಾಸಣೆಯೇ. ಟೆಕ್ಸಸ್, ಒಹಾಯೊ, ವಿಸ್ಕಾನ್ಸಿನ್‌ನಂಥ ಕಡೆ ರಾಜ್ಯದ್ದೇ ವ್ಯವಸ್ಥೆ ಇದೆ. ಕೆಲಸಕ್ಕೆ ಅರ್ಜಿ ಹಾಕುವ ಮುಂಚೆ ನಿಮ್ಮ ರಾಜ್ಯ ಯಾವ ಕಡೆಗಿದೆ ನೋಡಿಕೊಳ್ಳಿ. ಇದನ್ನು ನೋಡದೆ ಅರ್ಜಿ ಹುಡುಕಿ ಸುಸ್ತಾದವರು ಇದ್ದಾರೆ.

ನಿಯಮಗಳಿಗೆ ಬಂದರೆ, ಫೆಡರಲ್ ನಿಯಮ ಸಂಹಿತೆಯ 9ನೇ ಶೀರ್ಷಿಕೆ ನಿಮ್ಮ ಮೇಜಿನ ಮೇಲೆ ಇರಲೇಬೇಕು. ರಾಜ್ಯಗಳು ಸಾಮಾನ್ಯವಾಗಿ ಇದನ್ನೇ ತಮ್ಮ ಕಾನೂನಿಗೆ ಸೇರಿಸಿಕೊಂಡಿವೆ. ಎಲ್ಲವನ್ನೂ ಓದಲು ಹೋಗಬೇಡಿ. ಮೊದಲು ಈ ಭಾಗಗಳಷ್ಟು ಸಾಕು: ಜೀವಂತ ಪ್ರಾಣಿಯ ತಪಾಸಣೆಗೆ 309, ಕೊಯ್ದ ಮೇಲಿನ ತಪಾಸಣೆಗೆ 310, ಪ್ರಾಣಿಗಳನ್ನು ಹಿಂಸೆ ಇಲ್ಲದೆ ನಡೆಸಿಕೊಳ್ಳಲು 313, ಕೋಳಿಗೆ 381, ಸ್ವಚ್ಛತೆಗೆ 416, ಹ್ಯಾಸಪ್‌ಗೆ (ಅಪಾಯ ತಡೆಯುವ ವ್ಯವಸ್ಥೆ, 4ನೇ ಹಂತದಲ್ಲಿ ಹೇಳುತ್ತೇನೆ) 417, ಕ್ರಮ ಕೈಗೊಳ್ಳುವ ವಿಧಾನಕ್ಕೆ 500. ಕೊನೆಯ ಭಾಗ ಕೆಲವೇ ಪುಟ. ಅದನ್ನು ಮಾತ್ರ ಬಾಯಿಪಾಠ ಆಗುವಷ್ಟು ಓದಿ.

ಹಂತ 1: ನಿಮ್ಮ ಪಟ್ಟಿಯಲ್ಲಿ ಯಾವ ಬಗೆಯ ಜಾಗಗಳಿವೆ, ಬೇರ್ಪಡಿಸಿ

ನಿಮ್ಮ ಕೈಗೆ ಬರುವ ಪಟ್ಟಿಯಲ್ಲಿ ಎಲ್ಲವೂ "ಮಾಂಸದ ಜಾಗ" ಅಂತ ಒಂದೇ ರೀತಿ ಕಾಣುತ್ತವೆ. ಕಾನೂನಿನ ಕಣ್ಣಿಗೆ ಅವು ಒಂದೇ ಅಲ್ಲ.

ಪೂರ್ತಿ ತಪಾಸಣೆಗೆ ಒಳಪಟ್ಟ ಪ್ಲಾಂಟ್: ಇಲ್ಲಿ ರಾಜ್ಯದ ಸೀಲು ಬೀಳುತ್ತದೆ. ಮಾಂಸವನ್ನು ಆ ರಾಜ್ಯದೊಳಗೆ ಮಾರಬಹುದು. ಗಡಿ ದಾಟಿಸುವಂತಿಲ್ಲ. ಇದಕ್ಕೊಂದು ಹೊರದಾರಿ ಇದೆ. 2008ರ ಕೃಷಿ ಮಸೂದೆಯಿಂದ ಬಂದ ಸಹಕಾರಿ ಯೋಜನೆಯೊಂದರಲ್ಲಿ, ಸರಾಸರಿ 25 ಅಥವಾ ಅದಕ್ಕಿಂತ ಕಡಿಮೆ ಕೆಲಸಗಾರರಿರುವ ಪ್ಲಾಂಟ್‌ಗಳು ಆಯ್ಕೆಯಾದರೆ ಬೇರೆ ರಾಜ್ಯಕ್ಕೂ ಕಳಿಸಬಹುದು.

ಕಸ್ಟಮ್ ಪ್ಲಾಂಟ್: ರೈತ ತನ್ನ ಹೋರಿಯನ್ನು ತಂದು ಕೊಯ್ಯಿಸಿಕೊಂಡು ಹೋಗುತ್ತಾನೆ. ಅದು ಅವನ ಮನೆಗೆ, ಹಣ ಕೊಡದ ಅತಿಥಿಗಳಿಗೆ, ಅವನ ಕೆಲಸಗಾರರಿಗೆ ಮಾತ್ರ. ಪ್ರತಿ ಪ್ಯಾಕೆಟ್ ಮೇಲೂ "ಮಾರಾಟಕ್ಕಲ್ಲ" ಎಂದು ಕನಿಷ್ಠ 3/8 ಇಂಚಿನ ಅಕ್ಷರದಲ್ಲಿ ಇರಬೇಕು. ಒಂದೊಂದು ಪ್ರಾಣಿಯನ್ನೂ ನೋಡಲು ಇನ್ಸ್‌ಪೆಕ್ಟರ್ ಬರುವುದಿಲ್ಲ. ಹಾಗಂತ ಸ್ವಚ್ಛತೆಗೆ ರಿಯಾಯಿತಿ ಇಲ್ಲ.

ಕೋಳಿ ವಿನಾಯಿತಿ: ತಾನೇ ಸಾಕಿದ ಕೋಳಿಯನ್ನು ವರ್ಷಕ್ಕೆ 1,000ದವರೆಗೆ, ಕೆಲವು ಹೆಚ್ಚಿನ ಷರತ್ತುಗಳ ಜೊತೆ 20,000ದವರೆಗೆ ದಿನದಿನದ ತಪಾಸಣೆ ಇಲ್ಲದೆ ಕೊಯ್ದು ಮಾರಬಹುದು. ರಾಜ್ಯದ ಕಾನೂನು ಇದಕ್ಕಿಂತ ಬಿಗಿಯಾಗಿರಬಹುದು, ನಿಮ್ಮ ಕಾಯ್ದೆ ತೆರೆದು ನೋಡಿ.

ಎಡವುವುದು ಇಲ್ಲೇ: ಒಂದೇ ಕಟ್ಟಡದಲ್ಲಿ ಸೋಮವಾರ ತಪಾಸಣೆಯ ಕೊಯ್ಲು, ಗುರುವಾರ ಕಸ್ಟಮ್ ಕೊಯ್ಲು ನಡೆಯುತ್ತದೆ. ಫ್ರೀಜರ್ ಒಂದೇ. ಗುರುವಾರದ ಮಾಂಸ ಸೋಮವಾರದ ಡಬ್ಬಕ್ಕೆ ಸೇರಲು ಎಷ್ಟು ಹೊತ್ತು ಬೇಕು? ಹೊಸದಾಗಿ ವಹಿಸಿಕೊಂಡ ಪ್ಲಾಂಟ್‌ಗೆ ಹೋದಾಗ ನಾನು ಮೊದಲು ತೆರೆಯಿಸುವುದು ಫ್ರೀಜರ್ ಬಾಗಿಲನ್ನೇ.

ಹಂತ 2: ಯಾರು ಎಲ್ಲಿ, ಯಾವ ದಿನ

ಲೆಕ್ಕ ಸರಳ. ಕೊಯ್ಯುವ ಕಡೆ ಪ್ರತಿ ಪ್ರಾಣಿಯನ್ನೂ ಇನ್ಸ್‌ಪೆಕ್ಟರ್ ನೋಡಲೇಬೇಕು. ಅವರಿಲ್ಲದೆ ಕೊಯ್ಲು ಇಲ್ಲ. ಬರೀ ಕತ್ತರಿಸುವ, ಅರೆಯುವ, ಹೊಗೆ ಹಾಕುವ ಪ್ಲಾಂಟ್‌ಗಳಿಗೆ ಪ್ರತಿ ಪಾಳಿಯಲ್ಲಿ ಒಂದು ಸಲ ಭೇಟಿ ಸಾಕು.

ಕಾಗದದ ಮೇಲೆ ಸುಲಭ. ಆದರೆ ಸಣ್ಣ ಪ್ಲಾಂಟ್‌ಗಳಿಗೆಲ್ಲ ಮಂಗಳವಾರವೇ ಕೊಯ್ಲು ಬೇಕು, ಜಿಂಕೆ ಬೇಟೆಯ ಕಾಲದಲ್ಲಿ ಯಾರಿಗೂ ಪುರುಸೊತ್ತಿಲ್ಲ, ಇನ್ಸ್‌ಪೆಕ್ಟರ್ ಒಬ್ಬರಿಗೆ ಜ್ವರ. ಆದ್ದರಿಂದ ಪ್ರತಿ ಪ್ಲಾಂಟ್‌ನಿಂದ ವಾರದ ವೇಳಾಪಟ್ಟಿಯನ್ನು ಬರಹದಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ ಆದ ಬದಲಾವಣೆಯನ್ನೂ ಅದೇ ದಿನ ಇಮೇಲ್‌ನಲ್ಲಿ ಹಾಕಿಸಿ. ಒಬ್ಬರನ್ನೇ ವರ್ಷಗಟ್ಟಲೆ ಒಂದೇ ಪ್ಲಾಂಟ್‌ನಲ್ಲಿ ಬಿಡಬೇಡಿ. ಕಣ್ಣು ಒಗ್ಗಿಹೋಗುತ್ತದೆ. ಮೊದಲ ವಾರ ತುಕ್ಕು ಹಿಡಿದಂತೆ ಕಂಡ ಕೊಕ್ಕೆ ಐದನೇ ವರ್ಷ ಕಾಣುವುದೇ ಇಲ್ಲ. ಸ್ನೇಹವೂ ಬೆಳೆಯುತ್ತದೆ. ಹೋಗುವಾಗ ಸಾಸೇಜ್ ಪ್ಯಾಕೆಟ್ ಕೈಗಿಡುವ ಮಾಲೀಕರು ಇದ್ದಾರೆ, ಕೆಟ್ಟ ಮನಸ್ಸಿನಿಂದಲೇ ಕೊಡುತ್ತಾರೆ ಅಂತಲ್ಲ. ಆದರೂ ಬೇಡ. ಇನ್ಸ್‌ಪೆಕ್ಟರ್‌ಗೆ ಲಂಚ ಕೊಡುವುದು, ತೆಗೆದುಕೊಳ್ಳುವುದು ಎರಡಕ್ಕೂ ಮಾಂಸ ಕಾಯ್ದೆಯಲ್ಲೇ ಶಿಕ್ಷೆ ಇದೆ. ಇದನ್ನು ಮೊದಲ ಸಭೆಯಲ್ಲೇ ಬಾಯಿ ಬಿಟ್ಟು ಹೇಳಿಬಿಡಿ.

ಹಂತ 3: ಇನ್ಸ್‌ಪೆಕ್ಟರ್ ಜೊತೆ ಒಂದು ಇಡೀ ಕೊಯ್ಲಿನ ದಿನ ನಿಲ್ಲಿ

ಸೂಪರ್‌ವೈಸರ್ ಕೆಲಸದಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದದ್ದು ಇದು. ಒಂದೇ ದೋಷವನ್ನು ನಿಮ್ಮ ಹತ್ತೂ ಇನ್ಸ್‌ಪೆಕ್ಟರ್‌ಗಳು ಒಂದೇ ರೀತಿ ಕಾಣುತ್ತಾರಾ? ಇಲ್ಲದಿದ್ದರೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ. ಪಕ್ಕದೂರಿನ ಪ್ಲಾಂಟ್‌ಗೆ ಬಿಟ್ಟದ್ದನ್ನು ತನಗೆ ಯಾಕೆ ಬರೆದಿರಿ ಅಂತ ಮಾಲೀಕ ಕೇಳಿದಾಗ ನಿಮ್ಮ ಬಳಿ ಉತ್ತರ ಇರುವುದಿಲ್ಲ.

ಬೆಳಿಗ್ಗೆ ದೊಡ್ಡಿಯಿಂದ ಶುರು ಮಾಡಿ. ಕೊಯ್ಯುವ ದಿನವೇ ಪ್ರಾಣಿಯನ್ನು ನಿಂತಾಗಲೂ ನಡೆಯುವಾಗಲೂ, ಎರಡೂ ಬದಿಯಿಂದಲೂ ನೋಡಬೇಕು. ಅವಸರದ ಇನ್ಸ್‌ಪೆಕ್ಟರ್ ಬೇಲಿಯಾಚೆ ನಿಂತು ತಲೆ ಎಣಿಸಿ ಸಹಿ ಹಾಕಿಬಿಡುತ್ತಾರೆ. ಹಾಗೆ ಮಾಡುತ್ತಿದ್ದರೆ ಅಲ್ಲೇ ನಿಲ್ಲಿಸಿ. ಎದ್ದು ನಡೆಯಲಾಗದ ದನ ಆಹಾರಕ್ಕೆ ಹೋಗುವಂತಿಲ್ಲ, ಅದರಲ್ಲಿ ಚೌಕಾಸಿಯೇ ಇಲ್ಲ. ಜ್ವರಕ್ಕೂ ಗೆರೆ ಇದೆ: ಹಂದಿಗೆ 106 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 41 ಸೆಲ್ಸಿಯಸ್), ದನ, ಕುರಿ, ಆಡಿಗೆ 105 (ಸುಮಾರು 40.5). ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು "ಕಂಡೆಮ್ಡ್", ಅಂದರೆ ಆಹಾರಕ್ಕೆ ತಿರಸ್ಕೃತ. ಅನುಮಾನವಿರುವ ಪ್ರಾಣಿಯನ್ನು "ಸಸ್ಪೆಕ್ಟ್" ಎಂದು ಗುರುತಿಸಿ ಪಶುವೈದ್ಯರಿಗೆ ಬಿಡಬೇಕು.

ಆಮೇಲೆ ಕೊಲ್ಲುವ ಜಾಗ. ಪ್ರಜ್ಞೆ ತಪ್ಪಿಸುವ ಗನ್ ಮೊದಲ ಏಟಿಗೇ ಕೆಲಸ ಮಾಡಬೇಕು. ಎರಡನೇ ಸಾಧನ ಕೈಗೆಟುಕುವಲ್ಲಿ ಇದೆಯಾ ಕೇಳಿ. "ಆಫೀಸಲ್ಲಿದೆ" ಎಂದರೆ ಇಲ್ಲ ಎಂದೇ ಅರ್ಥ. ಹಲಾಲ್, ಕೋಷರ್‌ನಂಥ ಧಾರ್ಮಿಕ ಕೊಯ್ಲಿಗೆ ಕಾನೂನಿನಲ್ಲೇ ಪ್ರತ್ಯೇಕ ಜಾಗವಿದೆ. ಪ್ರಜ್ಞೆ ತಪ್ಪಿಸಲಿಲ್ಲ ಎಂದು ಅವರ ಮೇಲೆ ಬರೆಯಲು ಹೋಗಬೇಡಿ. ಆದರೆ ಕೊಯ್ಲಿಗೆ ಮುಂಚೆ ದೊಡ್ಡಿಯಲ್ಲಿ, ದಾರಿಯಲ್ಲಿ ಪ್ರಾಣಿಯನ್ನು ನಡೆಸಿಕೊಳ್ಳುವ ರೀತಿಗೆ ಎಲ್ಲರಿಗೂ ಒಂದೇ ನಿಯಮ.

ಕೊಯ್ದ ಮೇಲಿನ ತಪಾಸಣೆಯಲ್ಲಿ ನೋಡಬೇಕಾದ್ದು ಇನ್ಸ್‌ಪೆಕ್ಟರ್‌ನ ಕೈ ಮತ್ತು ಚಾಕು. ದನದ ತಲೆಯ ದುಗ್ಧಗ್ರಂಥಿಗಳನ್ನು (ರೋಗ ಬಂದಾಗ ಊದಿಕೊಳ್ಳುವ ಸಣ್ಣ ಗಂಟುಗಳು) ನಿಜವಾಗಿಯೂ ಸೀಳಿ ನೋಡುತ್ತಾರಾ, ಇಲ್ಲ ಸುಮ್ನೆ ಮುಟ್ಟಿ ಬಿಡುತ್ತಾರಾ? ಪಿತ್ತಜನಕಾಂಗ, ಶ್ವಾಸಕೋಶ, ಹೃದಯ ಆಯಾ ಕಾರ್ಕಸ್ ಜೊತೆಗೇ ಸಾಗುತ್ತಿವೆಯಾ? ಕಾರ್ಕಸ್ ಅಂದರೆ ಸುಲಿದು, ಕರುಳು ತೆಗೆದು ನೇತುಹಾಕಿದ ದೇಹ. ಕರುಳು ಒಂದು ಕಡೆ, ದೇಹ ಇನ್ನೊಂದು ಕಡೆ ಹೋಗಿಬಿಟ್ಟರೆ ರೋಗ ಕಂಡಾಗ ಯಾವ ದೇಹದ್ದು ಅಂತ ಹೇಳಲಾಗುವುದಿಲ್ಲ.

ಸಗಣಿ, ಹೊಟ್ಟೆಯೊಳಗಿನ ಮೇವು, ಕೆಚ್ಚಲ ಹಾಲು. ಈ ಮೂರರ ವಿಷಯದಲ್ಲಿ ಕಾರ್ಕಸ್ ಮೇಲೆ "ಜೀರೊ ಟಾಲರೆನ್ಸ್". ಕಣ್ಣಿಗೆ ಕಂಡರೆ ತೆಗೆಯಲೇಬೇಕು. ತೆಗೆಯುವುದೆಂದರೆ ಚಾಕುವಿನಿಂದ ಕತ್ತರಿಸಿ ತೆಗೆಯುವುದು, ಅಥವಾ ಸಣ್ಣ ಕಲೆಗೆ ಒಪ್ಪಿಗೆ ಇರುವ ಹಬೆ ಮತ್ತು ನಿರ್ವಾತದ ಯಂತ್ರ. ನೀರು ಬಿಟ್ಟು ತೊಳೆದರೆ ಕಲೆ ಹೋಗುತ್ತದೆ, ರೋಗಾಣು ಪಕ್ಕಕ್ಕೆ ಹರಡುತ್ತದೆ. ಅರೆದ ಮಾಂಸದಲ್ಲಿ ಈ ಸಣ್ಣ ಕಲೆ ಏನು ಮಾಡಬಹುದು ಅನ್ನೋದು 1993ರಲ್ಲಿ ಗೊತ್ತಾಯಿತು. ಆ ವರ್ಷ ಪಶ್ಚಿಮದ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್‌ನಿಂದ ನೂರಾರು ಜನ ಕಾಯಿಲೆ ಬಿದ್ದರು, ನಾಲ್ಕು ಮಕ್ಕಳು ತೀರಿಕೊಂಡರು. ಕಾರಣ ಇ. ಕೋಲಿ ಒ157:ಎಚ್7. ಮರುವರ್ಷವೇ ಅರೆದ ದನದ ಮಾಂಸದಲ್ಲಿ ಈ ರೋಗಾಣು ಇದ್ದರೆ ಅದು "ಅಡಲ್ಟರೇಟೆಡ್" ಎಂದು ಘೋಷಣೆಯಾಯಿತು.

ಈ ಪದವನ್ನು ಇಲ್ಲೇ ಬಿಡಿಸಿ ಹೇಳುತ್ತೇನೆ, ಬಹಳ ಜನ ತಪ್ಪು ತಿಳಿಯುತ್ತಾರೆ. ಅಡಲ್ಟರೇಟೆಡ್ ಅಂದರೆ ಹಾಲಿಗೆ ನೀರು ಬೆರೆಸಿದಂಥ ಕಲಬೆರಕೆ ಮಾತ್ರ ಅಲ್ಲ. ಕೊಳಕು ಪರಿಸ್ಥಿತಿಯಲ್ಲಿ ತಯಾರಾಗಿ, ಅದರಿಂದ ಮಾಂಸ ಕೆಟ್ಟಿರಬಹುದು ಎನ್ನುವಂತಿದ್ದರೂ ಅದು ಅಡಲ್ಟರೇಟೆಡ್. ಕೆಟ್ಟೇ ಇದೆ ಅಂತ ನೀವು ಸಾಬೀತು ಮಾಡಬೇಕಿಲ್ಲ.

ದನದಲ್ಲಿ ಇನ್ನೊಂದು ವಿಷಯ: ಹುಚ್ಚು ಹಸು ರೋಗದ ಭಯದಿಂದ ತೆಗೆದುಹಾಕುವ ಭಾಗಗಳು. 30 ತಿಂಗಳು ಮತ್ತು ಅದಕ್ಕಿಂತ ದೊಡ್ಡ ದನದ ಮಿದುಳು, ತಲೆಬುರುಡೆ, ಕಣ್ಣು, ಬೆನ್ನುಹುರಿ, ಬೆನ್ನುಮೂಳೆಯ ಹೆಚ್ಚಿನ ಭಾಗ; ಯಾವ ವಯಸ್ಸಿನದಾದರೂ ಗಲಗ್ರಂಥಿ ಮತ್ತು ಸಣ್ಣಕರುಳಿನ ಕೊನೆಯ ತುದಿ. ವಯಸ್ಸನ್ನು ಹಲ್ಲು ಅಥವಾ ದಾಖಲೆ ನೋಡಿ ತೀರ್ಮಾನಿಸುತ್ತಾರೆ. ಹಲ್ಲು ಯಾರು ನೋಡಿದರು, ಎಲ್ಲಿ ಬರೆದರು ಎಂದು ಕೇಳಿ. ಸಣ್ಣ ಪ್ಲಾಂಟ್‌ಗಳಲ್ಲಿ ಈ ದಾಖಲೆ ಒಂದು ನೋಟ್‌ಬುಕ್ಕಿನ ಮೂಲೆಯಲ್ಲಿ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ.

ಹಂತ 4: ಹ್ಯಾಸಪ್ ಕಾಗದಗಳನ್ನು ಓದುವುದು

ಹ್ಯಾಸಪ್ ಅಂದರೆ ಅಪಾಯ ಎಲ್ಲೆಲ್ಲಿ ಬರಬಹುದು ಎಂದು ಪ್ಲಾಂಟ್‌ನವರೇ ಮೊದಲೇ ಯೋಚಿಸಿ, ತಡೆಯುವ ಜಾಗಗಳನ್ನು ಗುರುತಿಸಿ, ಅಲ್ಲಿ ಅಳತೆ ಮಾಡಿ ಬರೆದಿಡುವ ವ್ಯವಸ್ಥೆ. 1996ರ ನಿಯಮದಿಂದ ಬಂತು, 2000ದ ಜನವರಿ ಹೊತ್ತಿಗೆ ಅತಿ ಸಣ್ಣ ಪ್ಲಾಂಟ್‌ಗಳಿಗೂ ಅನ್ವಯವಾಯಿತು. ತಡೆಯುವ ಮುಖ್ಯ ಜಾಗವನ್ನು ಸಿ.ಸಿ.ಪಿ. ಎನ್ನುತ್ತಾರೆ. ಬೇಯಿಸುವ ಒಲೆಯ ಉಷ್ಣತೆ ಒಂದು ಸಿ.ಸಿ.ಪಿ. ಆಗಬಹುದು.

ಇಲ್ಲಿ ನಿಮ್ಮ ಪಾತ್ರ ಯೋಜನೆ ಬರೆದುಕೊಡುವುದಲ್ಲ. ಸಣ್ಣ ಪ್ಲಾಂಟ್‌ನ ಮಾಲೀಕ "ನೀವೇ ಹೇಳಿಬಿಡಿ ಸಾರ್, ಹಾಗೇ ಬರೀತೀನಿ" ಎನ್ನುತ್ತಾನೆ. ಪಾಪ ಅನ್ನಿಸುತ್ತದೆ. ಆದರೆ ಇಂದು ನೀವು ಬರೆದುಕೊಟ್ಟ ಯೋಜನೆಯ ಮೇಲೆ ನಾಳೆ ನೀವೇ ಕ್ರಮ ಕೈಗೊಳ್ಳುವುದು ಹೇಗೆ? ನಿಯಮ ಎಲ್ಲಿದೆ, ಮಾರ್ಗದರ್ಶಿ ಕಾಗದ ಎಲ್ಲಿದೆ ಎಂದು ತೋರಿಸಿ. ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗಕ್ಕೆ ಕಳಿಸಿ. ಅಲ್ಲಿಗೆ ನಿಲ್ಲಿಸಿ.

ದಾಖಲೆ ಓದುವಾಗ ನನ್ನ ಕಣ್ಣು ಹೋಗುವುದು ತೀರಾ ಚೆನ್ನಾಗಿರುವ ಪುಟಗಳ ಕಡೆಗೆ. ಮೂರು ವಾರ ಪ್ರತಿದಿನ ಕೋಲ್ಡ್ ರೂಮ್ 38 ಡಿಗ್ರಿ ಫ್ಯಾರನ್‌ಹೀಟ್, ಒಂದೇ ಪೆನ್ನು, ಒಂದೇ ಓರೆ ಅಕ್ಷರ, ಎಲ್ಲವೂ ಸರಿಯಾಗಿ 9 ಗಂಟೆಗೆ! ಅಂಥ ಪುಟ ಒಂದೇ ಕೂತಿನಲ್ಲಿ ಬರೆದದ್ದಿರಬಹುದು. ನಿಮ್ಮ ಥರ್ಮಾಮೀಟರ್ ತೆಗೆದು ಈಗ ಎಷ್ಟಿದೆ ನೋಡಿ, ಪಕ್ಕದಲ್ಲಿ ಬರೆದುಕೊಳ್ಳಿ.

ಬೇಯಿಸಿದ ಮಾಂಸ ಮಾಡುವ ಕಡೆ ತಣಿಸುವ ದಾಖಲೆ ನೋಡದೆ ಹೊರಡಬೇಡಿ. ಒಂದು ರೂಢಿಯ ಅಳತೆ: 130ರಿಂದ 80 ಡಿಗ್ರಿ ಫ್ಯಾರನ್‌ಹೀಟ್‌ಗೆ ಒಂದೂವರೆ ಗಂಟೆಯೊಳಗೆ, 80ರಿಂದ 40ಕ್ಕೆ ಮುಂದಿನ ಐದು ಗಂಟೆಯೊಳಗೆ. ಬೇಯಿಸುವುದನ್ನು ಎಲ್ಲರೂ ಶ್ರದ್ಧೆಯಿಂದ ಅಳೆಯುತ್ತಾರೆ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಹ್ಯಾಮ್ ತಣಿಯುವುದನ್ನು ಯಾರೂ ಅಳೆಯುವುದಿಲ್ಲ. ಬೇಯಿಸಿದರೂ ಸಾಯದ ಬೀಜಾಣುಗಳು ಚಿಗುರುವುದು ಆ ಹೊತ್ತಿನಲ್ಲೇ.

ಸಿ.ಸಿ.ಪಿ. ತಪ್ಪಿದಾಗ ಪ್ಲಾಂಟ್‌ನವರು ನಾಲ್ಕು ವಿಷಯಕ್ಕೆ ಉತ್ತರ ಬರೆದಿರಬೇಕು: ಕಾರಣ ಹುಡುಕಿ ತೆಗೆದರಾ, ಪ್ರಕ್ರಿಯೆ ಮತ್ತೆ ಹತೋಟಿಗೆ ಬಂತಾ, ಮತ್ತೆ ಆಗದಂತೆ ಏನು ಮಾಡಿದರು, ಕೆಟ್ಟ ಮಾಲು ಹೊರಗೆ ಹೋಗಲಿಲ್ಲವೇ. "ಕೆಲಸಗಾರನಿಗೆ ಮತ್ತೆ ತರಬೇತಿ ಕೊಟ್ಟೆವು" ಎನ್ನುವ ಒಂದೇ ಸಾಲು ಈ ನಾಲ್ಕಕ್ಕೂ ಉತ್ತರವಾಗಿ ಬರುತ್ತಿರುತ್ತದೆ. ಒಪ್ಪಬೇಡಿ.

ಹಂತ 5: ಎನ್.ಆರ್. ಬರೆಸುವುದು

ನಿಯಮ ಪಾಲನೆಯಾಗದ್ದನ್ನು ದಾಖಲಿಸುವ ಕಾಗದವೇ ಎನ್.ಆರ್. ನಿಮ್ಮ ಇಡೀ ಅಧಿಕಾರ ನಿಂತಿರುವುದು ಇದರ ಮೇಲೆ. ಮುಂದೆ ಪ್ಲಾಂಟ್ ನಿಲ್ಲಿಸುವ ಪರಿಸ್ಥಿತಿ ಬಂದಾಗ ವಕೀಲರು ಕೇಳುವುದು ನಿಮ್ಮ ಅನುಭವವನ್ನಲ್ಲ, ಈ ಕಾಗದಗಳನ್ನು.

ಕೆಟ್ಟ ಎನ್.ಆರ್. ಹೀಗಿರುತ್ತದೆ:

"ಗ್ರೈಂಡರ್ ಕೊಳಕಾಗಿತ್ತು. ತೊಳೆಯಲು ಹೇಳಲಾಯಿತು."

ಹೀಗೆ ಬರೆಸಿ:

"ಬೆಳಿಗ್ಗೆ 6:40. ಕೆಲಸ ಶುರುವಾಗುವ ಮುಂಚಿನ ತಪಾಸಣೆಯನ್ನು ಪ್ಲಾಂಟ್‌ನವರು ಮುಗಿಸಿ ಸಹಿ ಹಾಕಿದ ನಂತರ ನೋಡಿದೆ. 2ನೇ ಗ್ರೈಂಡರ್‌ನ ಒಳಗಿನ ಸ್ಕ್ರೂ ಮೇಲೆ ಒಣಗಿದ ಮಾಂಸ ಮತ್ತು ಕೊಬ್ಬಿನ ಚೂರುಗಳು ಅಂಟಿದ್ದವು. ದೊಡ್ಡದು ಸುಮಾರು ಅರ್ಧ ಇಂಚು. ಇದು ಮಾಂಸಕ್ಕೆ ನೇರವಾಗಿ ತಾಗುವ ಜಾಗ. ಯಂತ್ರಕ್ಕೆ ರಿಜೆಕ್ಟ್ ಟ್ಯಾಗ್ ಹಾಕಿ ಮ್ಯಾನೇಜರ್‌ಗೆ ತಿಳಿಸಿದೆ. ಆ ಹೊತ್ತಿಗೆ ಮಾಂಸ ಅರೆದಿರಲಿಲ್ಲ. 7:15ಕ್ಕೆ ತೊಳೆದ ಮೇಲೆ ಮತ್ತೆ ನೋಡಿ ಟ್ಯಾಗ್ ತೆಗೆದೆ. ನಿಯಮ 416.4(ಎ), 416.13."

ಯಾವಾಗ, ಎಲ್ಲಿ, ಏನು, ಎಷ್ಟು, ಮಾಂಸಕ್ಕೆ ತಾಗಿತಾ, ಯಾರಿಗೆ ಹೇಳಿದಿರಿ, ಯಾವ ನಿಯಮ. ಎಲ್ಲವೂ ಬಂತು. ಬೈಯುವ ವಿಶೇಷಣ ಒಂದೂ ಇಲ್ಲ, ಗಮನಿಸಿದಿರಾ? "ತುಂಬಾ ಕೊಳಕು", "ಎಂದಿನಂತೆ ನಿರ್ಲಕ್ಷ್ಯ" ಇಂಥ ಮಾತು ಬಂದ ಕೂಡಲೇ ಕೆಂಪು ಗೆರೆ ಎಳೆಯಿರಿ.

ಇನ್ನೆರಡು ತಪ್ಪು ಪದೇ ಪದೇ ಕಾಣುತ್ತೇನೆ. ಒಂದು, ಹಳೆಯ ಎನ್.ಆರ್.ಗೆ ಕೊಂಡಿ ಹಾಕುವುದು. ಅದೇ ಕಾರಣದಿಂದ ಅದೇ ದೋಷ ಮರುಕಳಿಸಿದರೆ ಮಾತ್ರ ಕೊಂಡಿ ಹಾಕಬೇಕು. ಗ್ರೈಂಡರ್ ತೊಳೆಯದ್ದಕ್ಕೂ ಛಾವಣಿಯಿಂದ ನೀರು ತೊಟ್ಟಿಕ್ಕಿದ್ದಕ್ಕೂ ಸಂಬಂಧವಿಲ್ಲ, ಎರಡೂ "ಸ್ವಚ್ಛತೆ" ಆದರೂ. ಇನ್ನೊಂದು, ಬರೆಯದೇ ಇರುವುದು. ಅಲ್ಲೇ ಬಾಯಲ್ಲಿ ಹೇಳಿ ಸರಿ ಮಾಡಿಸಿದೆ, ಇನ್ನೇಕೆ ಕಾಗದ ಎನ್ನುವ ಒಳ್ಳೆಯ ಮನಸ್ಸಿನ ಇನ್ಸ್‌ಪೆಕ್ಟರ್ ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಹತ್ತು ಸಲ ಬಾಯಲ್ಲಿ ಹೇಳಿದ್ದು ದಾಖಲೆಯಲ್ಲಿ ಸೊನ್ನೆ. ಹನ್ನೊಂದನೇ ಸಲ ಮಾಲು ಹೊರಗೆ ಹೋದಾಗ ಅವರ ಕಡತದ ಪ್ರಕಾರ ಆ ಪ್ಲಾಂಟ್ ಅಪ್ಪಟ ಚಿನ್ನ!

ಪ್ಲಾಂಟ್‌ನವರು ಎನ್.ಆರ್. ವಿರುದ್ಧ ಮೇಲ್ಮನವಿ ಕೊಡಬಹುದು. ಅದು ಇನ್ಸ್‌ಪೆಕ್ಟರ್‌ನ ಮೇಲಿನವರಿಗೆ, ಅಂದರೆ ನಿಮಗೆ ಬರುತ್ತದೆ. ತಪ್ಪಾಗಿ ಬರೆದಿದ್ದರೆ ರದ್ದು ಮಾಡಿ, ಯಾಕೆ ಎಂದು ಬರೆದುಕೊಡಿ. ನಮ್ಮವರನ್ನು ಬಿಟ್ಟುಕೊಡಬಾರದು ಎಂದು ಎಲ್ಲವನ್ನೂ ಎತ್ತಿಹಿಡಿದರೆ ನಿಜವಾದ ಎನ್.ಆರ್.ಗೂ ಬೆಲೆ ಹೋಗುತ್ತದೆ. ಆದರೆ ಇನ್ಸ್‌ಪೆಕ್ಟರ್‌ಗೆ ಮೊದಲು ನೀವೇ ಫೋನ್ ಮಾಡಿ ಹೇಳಿ, ಪ್ಲಾಂಟ್‌ನವರ ಬಾಯಿಂದ ಕೇಳುವಂತೆ ಮಾಡಬೇಡಿ.

ಹಂತ 6: ಕ್ರಮದ ಮೆಟ್ಟಿಲು

500ನೇ ಭಾಗದಲ್ಲಿ ಇರುವುದು ಇದು. ಮೆಟ್ಟಿಲುಗಳ ಹೆಸರು ಬೆರೆಸಿಬಿಟ್ಟರೆ ನೋಟಿಸ್ ಬಿದ್ದುಹೋಗುತ್ತದೆ.

ಮೊದಲನೆಯದು ನಿಯಂತ್ರಣ ಕ್ರಮ. ಮಾಲನ್ನು ತಡೆಹಿಡಿಯುವುದು, ಯಂತ್ರಕ್ಕೋ ಕೋಣೆಗೋ ಟ್ಯಾಗ್ ಹಾಕುವುದು, ಲೈನ್ ನಿಧಾನ ಮಾಡಿಸುವುದು ಅಥವಾ ನಿಲ್ಲಿಸುವುದು. ಇದನ್ನು ಇನ್ಸ್‌ಪೆಕ್ಟರ್ ಅಲ್ಲೇ, ನಿಮ್ಮನ್ನು ಕೇಳದೆ ಮಾಡಬಹುದು. ಮಾಡಬೇಕು. ಪ್ರತಿ ಟ್ಯಾಗ್‌ಗೂ ನಿಮಗೆ ಫೋನ್ ಬರುತ್ತಿದ್ದರೆ ಎಲ್ಲೋ ನೀವು ಅವರಿಗೆ ಧೈರ್ಯ ಕೊಟ್ಟಿಲ್ಲ ಎಂದು ಲೆಕ್ಕ.

ಎರಡನೆಯದು ಸೀಲು ತಡೆಹಿಡಿಯುವುದು. ಮಾಂಸದ ಮೇಲೆ ತಪಾಸಣೆಯ ಗುರುತು ಹಾಕಲು ಬಿಡುವುದಿಲ್ಲ. ಎಲ್ಲ ಮಾಲಿಗೂ ಆಗಬಹುದು, ಒಂದೇ ಪ್ರಕ್ರಿಯೆಗೂ ಆಗಬಹುದು. ಸೀಲಿಲ್ಲದೆ ಮಾರಾಟವಿಲ್ಲ.

ಮೂರನೆಯದು ಅಮಾನತು. ತಪಾಸಣಾ ಸಿಬ್ಬಂದಿಯನ್ನೇ ಹಿಂದಕ್ಕೆ ಕರೆಸಿಕೊಳ್ಳುವುದು, ಪ್ಲಾಂಟ್‌ಗೆ ಪೂರ್ತಿಯಾಗಿ ಅಥವಾ ಒಂದು ಭಾಗಕ್ಕೆ.

ಎರಡನೆಯದಕ್ಕೂ ಮೂರನೆಯದಕ್ಕೂ ಮುಂಚೆ ನೋಟಿಸ್ ಬೇಕಾ? ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲೇ. ಕೆಲವು ಪರಿಸ್ಥಿತಿಗಳಲ್ಲಿ ಬೇಕಿಲ್ಲ: ಕೆಟ್ಟ ಮಾಲು ಆಗಲೇ ಹೊರಗೆ ಹೋಗಿದೆ, ಹ್ಯಾಸಪ್ ಯೋಜನೆಯೇ ಇಲ್ಲ, ಇನ್ಸ್‌ಪೆಕ್ಟರ್ ಹಾಕಿದ ಟ್ಯಾಗ್ ಕಿತ್ತು ಯಂತ್ರ ಓಡಿಸಿದ್ದಾರೆ, ಇನ್ಸ್‌ಪೆಕ್ಟರ್‌ಗೆ ಬೆದರಿಕೆ ಹಾಕಿದ್ದಾರೆ ಅಥವಾ ಕೈ ಮಾಡಿದ್ದಾರೆ, ಪ್ರಾಣಿಯನ್ನು ಕ್ರೂರವಾಗಿ ನಡೆಸಿಕೊಂಡಿದ್ದಾರೆ. ಇಂಥ ಕಡೆ ಆಗಲೇ ನಿಲ್ಲಿಸಬಹುದು. ಆದರೆ ನಿಧಾನವಾಗಿ ಹದಗೆಡುತ್ತಿರುವ ಪ್ಲಾಂಟ್, ಅಂದರೆ ಒಂದೇ ಕಾರಣದ ಎನ್.ಆರ್. ಮೇಲೆ ಎನ್.ಆರ್. ಬೀಳುತ್ತಿದ್ದು ವ್ಯವಸ್ಥೆಯೇ ಸರಿಯಿಲ್ಲ ಎನ್ನುವಂಥದ್ದಕ್ಕೆ, ಮೊದಲು "ಉದ್ದೇಶಿತ ಕ್ರಮದ ನೋಟಿಸ್" ಕೊಡಬೇಕು. ಉತ್ತರಿಸಲು ಅವರಿಗೆ ಮೂರು ಕೆಲಸದ ದಿನ ಸಿಗುತ್ತದೆ. ಎಷ್ಟು ಎನ್.ಆರ್. ಆದರೆ ನೋಟಿಸ್ ಕೊಡಬೇಕು ಎಂದು ಕೇಳುತ್ತಾರೆ. ಅಂಥ ಸಂಖ್ಯೆಯೇನೂ ನಿಯಮದಲ್ಲಿಲ್ಲ. ಮೂರು ಎನ್.ಆರ್. ಒಂದೇ ಕಥೆ ಹೇಳುತ್ತಿದ್ದರೆ ಅದು ಸಂಬಂಧವಿಲ್ಲದ ಹದಿನೈದಕ್ಕಿಂತ ಗಟ್ಟಿ.

ಪ್ಲಾಂಟ್ ಒಳ್ಳೆಯ ಸರಿಪಡಿಕೆ ಯೋಜನೆ ಕೊಟ್ಟರೆ ಅಮಾನತನ್ನು ಸದ್ಯಕ್ಕೆ ಬದಿಗಿಟ್ಟು ಕೆಲಸ ಮತ್ತೆ ಶುರು ಮಾಡಲು ಬಿಡಬಹುದು. ಆಗ ಒಂದೊಂದು ಭರವಸೆಯ ಪಕ್ಕದಲ್ಲೂ ಯಾರು, ಯಾವಾಗ ಪರಿಶೀಲಿಸುತ್ತೀರಿ ಎಂದು ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಹಾಗೆ ಮಾಡದಿದ್ದರೆ ಎರಡೇ ತಿಂಗಳಲ್ಲಿ ಎಲ್ಲರೂ ಮರೆಯುತ್ತಾರೆ, ನೀವೂ ಸೇರಿ. ತಪಾಸಣೆಯನ್ನು ಶಾಶ್ವತವಾಗಿ ಹಿಂತೆಗೆಯುವುದು ವಿಚಾರಣೆಯ ದಾರಿಯಲ್ಲಿ ಹೋಗಬೇಕಾದ್ದು. ಅಲ್ಲಿಂದ ಮುಂದೆ ವಕೀಲರ ಕೆಲಸ.

ನೋಟಿಸ್ ಕೊಡಲು ಒಬ್ಬರೇ ಹೋಗಬೇಡಿ. ಇನ್ನೊಬ್ಬರು ಜೊತೆಯಲ್ಲಿರಲಿ, ಮಾತು ಕಡಿಮೆ ಇರಲಿ. ಎದುರಿಗಿರುವವನ ಮನೆಯೇ ಆ ಪ್ಲಾಂಟ್ ಮೇಲೆ ನಿಂತಿರುತ್ತದೆ. ಕೂಗಾಡಬಹುದು, ಅಳಬಹುದು. ಕಾಗದ ಓದಿ, ಕೊಟ್ಟು, ಯಾವ ದಾರಿಗಳು ಅವನ ಮುಂದಿವೆ ಎಂದು ಹೇಳಿ ಹೊರಡಿ.

ಹಂತ 7: ಸ್ಯಾಂಪಲ್

ಅರೆದ ದನದ ಮಾಂಸಕ್ಕೆ ಇ. ಕೋಲಿ, ಮತ್ತೆ ಬೇಯಿಸದೆ ಹಾಗೇ ತಿನ್ನುವಂಥ ಸಿದ್ಧ ಮಾಂಸಕ್ಕೆ ಲಿಸ್ಟೀರಿಯಾ, ಕೋಳಿಗೆ ಸಾಲ್ಮೊನೆಲ್ಲಾ. ಪರೀಕ್ಷಿಸುವ ರೋಗಾಣುಗಳಲ್ಲಿ ಇವು ಮುಖ್ಯ. ಸ್ಯಾಂಪಲ್ ತೆಗೆಯುವುದನ್ನು ಪ್ಲಾಂಟ್‌ಗೆ ಮೊದಲೇ ತಿಳಿಸಬೇಕು, ಆದರೆ ಎಷ್ಟು ಮೊದಲು? ಆ ಲಾಟನ್ನು (ಒಂದು ಸಲಕ್ಕೆ ಒಟ್ಟಿಗೆ ತಯಾರಾದ ಮಾಲನ್ನು) ಬೇರೆ ಇಡಲು ಸಾಕಾಗುವಷ್ಟು, ಎಂದಿನ ಕೆಲಸದ ರೀತಿ ಬದಲಿಸಲು ಸಾಕಾಗದಷ್ಟು. 2013ರಿಂದ ಇ. ಕೋಲಿ, ಲಿಸ್ಟೀರಿಯಾದ ಇಂಥ ಪರೀಕ್ಷೆಗೆ ಕೊಟ್ಟ ಮಾಲನ್ನು ಫಲಿತಾಂಶ ಬರುವವರೆಗೆ ಹೊರಗೆ ಬಿಡುವಂತಿಲ್ಲ. ಸಣ್ಣವರಿಗೆ ಒಂದು ಮಾತು ಹೇಳಿಕೊಡಿ: ಸ್ಯಾಂಪಲ್ ದಿನ ಲಾಟ್ ಸಣ್ಣದು ಮಾಡಿಕೊಳ್ಳಬಹುದು, ಎರಡು ಲಾಟ್‌ಗಳ ನಡುವೆ ಯಂತ್ರ ಪೂರ್ತಿ ತೊಳೆದು ದಾಖಲಿಸಿದ್ದರೆ ಸಾಕು. ಇದು ಮೋಸವಲ್ಲ.

ಮಾಲು ಹೊರಗೆ ಹೋಗಿಬಿಟ್ಟಿದ್ದರೆ ರಿಕಾಲ್, ಅಂದರೆ ವಾಪಸ್ ಕರೆಸುವುದು. ರೋಗಾಣು ಅಷ್ಟೇ ಇದಕ್ಕೆ ಕಾರಣವಾಗುವುದಿಲ್ಲ. ಲೇಬಲ್‌ನಲ್ಲಿ ಹೇಳದ ಅಲರ್ಜಿ ಪದಾರ್ಥದಿಂದಲೂ ಆಗುತ್ತದೆ. ಹೊಸ ಮಸಾಲೆ ಪುಡಿ ತರಿಸಿದರು, ಅದರಲ್ಲಿ ಸೋಯಾ ಇತ್ತು, ಹಳೆಯ ಲೇಬಲ್ಲೇ ಅಂಟಿಸಿದರು. 2023ರಿಂದ ಎಳ್ಳೂ ಮುಖ್ಯ ಅಲರ್ಜಿಗಳ ಪಟ್ಟಿಗೆ ಸೇರಿದೆ. ಮಸಾಲೆ ಚೀಲದ ಮೇಲಿನ ಪಟ್ಟಿಯನ್ನೂ ಲೇಬಲ್ಲನ್ನೂ ಪಕ್ಕಪಕ್ಕ ಇಟ್ಟು ಓದಲು ಇನ್ಸ್‌ಪೆಕ್ಟರ್‌ಗಳಿಗೆ ಹೇಳಿ. ಐದು ನಿಮಿಷದ ಕೆಲಸ.

ಹಂತ 8: ಪ್ಲಾಂಟ್‌ನ ಹೊರಗೆ

ಸೀಲಿಲ್ಲದ ಮಾಂಸ ಅಂಗಡಿಯಲ್ಲೋ ಟ್ರಕ್ಕಿನಲ್ಲೋ ಸಿಕ್ಕರೆ ಅದು ಕಂಪ್ಲಯನ್ಸ್ ಅಧಿಕಾರಿಗಳ, ಅಂದರೆ ಪ್ಲಾಂಟ್‌ನ ಹೊರಗೆ ನಿಯಮ ಪಾಲನೆ ನೋಡುವವರ ಕೆಲಸ. ಮಾಲನ್ನು ಇದ್ದಲ್ಲೇ ತಡೆಹಿಡಿಯಬಹುದು. ಫೆಡರಲ್ ಕಾಯ್ದೆಯಲ್ಲಿ ಇದಕ್ಕೆ 20 ದಿನದ ಮಿತಿ ಇದೆ, ಅಷ್ಟರೊಳಗೆ ಮುಂದಿನ ಕ್ರಮ ತೀರ್ಮಾನವಾಗಬೇಕು. ಇಪ್ಪತ್ತನೇ ದಿನ ಭಾನುವಾರ ಬಿದ್ದರೂ ಅದು ಇಪ್ಪತ್ತನೇ ದಿನವೇ ಎಂದು ಲೆಕ್ಕ ಹಾಕಿ ಕೆಲಸ ಮಾಡಿ. ತಡೆದ ದಿನವೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಹಂತ 9: ನಿಮ್ಮನ್ನೇ ನೋಡಲು ಬಂದಾಗ

ಎಫ್.ಎಸ್.ಐ.ಎಸ್. ಪ್ರತಿ ವರ್ಷ ರಾಜ್ಯದಿಂದ ಸ್ವಯಂ ಮೌಲ್ಯಮಾಪನ ತರಿಸಿಕೊಳ್ಳುತ್ತದೆ, ಮೂರು ವರ್ಷಕ್ಕೆ ಒಮ್ಮೆಯಾದರೂ ಸ್ಥಳಕ್ಕೇ ಬರುತ್ತದೆ. ಕಾನೂನು, ತಪಾಸಣೆ, ಸ್ಯಾಂಪಲ್, ಸಿಬ್ಬಂದಿ ತರಬೇತಿ, ಪ್ರಾಣಿಗಳ ವಿಷಯ, ಕಂಪ್ಲಯನ್ಸ್, ಹಣದ ಲೆಕ್ಕ, ಎಲ್ಲವನ್ನೂ ನೋಡುತ್ತಾರೆ. ನಿಮ್ಮ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಅವರು ನಿಂತು ನೋಡುತ್ತಾರೆ. 3ನೇ ಹಂತದ ಟಿಪ್ಪಣಿಗಳು ಕೆಲಸಕ್ಕೆ ಬರುವುದು ಆಗ. ಯಾವ ದಿನ ಯಾರ ಜೊತೆ ನಿಂತಿರಿ, ಏನು ತಿದ್ದಿದಿರಿ, ಮತ್ತೆ ಯಾವಾಗ ನೋಡಿದಿರಿ ಎಂದು ತಾರೀಖಿನ ಜೊತೆ ಬರೆದಿದ್ದರೆ ಉಳಿದ ಮಾತು ಸಲೀಸು. ಅವರು ಬರುವ ಹಿಂದಿನ ವಾರ ಕೂತು ಬರೆದ ಟಿಪ್ಪಣಿ ಹೇಗಿರುತ್ತದೆ ಎಂದು 38 ಡಿಗ್ರಿಯ ಪುಟ ನೋಡಿದ ನಿಮಗೆ ಗೊತ್ತು, ಅವರಿಗೂ ಗೊತ್ತು.

ಉಳಿದ ಎರಡು ಪ್ರಶ್ನೆ

ಪಶುವೈದ್ಯರೇ ಆಗಿರಬೇಕಾ? ಎಲ್ಲ ಹುದ್ದೆಗೂ ಅಲ್ಲ. ಇನ್ಸ್‌ಪೆಕ್ಟರ್ ಆಗಿದ್ದು ಸೂಪರ್‌ವೈಸರ್ ಆದವರು ಬಹಳ ಜನ ಇದ್ದಾರೆ. ಆದರೆ ರೋಗವಿರುವ ಪ್ರಾಣಿಯ ಕೊನೆಯ ತೀರ್ಮಾನ ಪಶುವೈದ್ಯರದ್ದು. ನೀವು ಪಶುವೈದ್ಯರಲ್ಲದಿದ್ದರೆ ಆ ಸಮಯಕ್ಕೆ ಯಾರು ಸಿಗುತ್ತಾರೆ ಎಂಬ ಫೋನ್ ನಂಬರು ಪ್ರತಿ ಇನ್ಸ್‌ಪೆಕ್ಟರ್ ಬಳಿ ಇರುವಂತೆ ನೋಡಿಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ನಮ್ಮವರು ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ: "ನಾನು ಮಾಂಸ ತಿನ್ನೋದಿಲ್ಲ. ಈ ಕೆಲಸ ಮಾಡಬಹುದಾ?" ತಪಾಸಣೆಯಲ್ಲಿ ರುಚಿ ನೋಡುವ ಕೆಲಸ ಇಲ್ಲ, ಆದ್ದರಿಂದ ಅದೇನೂ ಅಡ್ಡಿಯಲ್ಲ. ಕಷ್ಟವಾಗುವುದು ವಾಸನೆ, ರಕ್ತ, ಬೆಳಗಿನ ಐದು ಗಂಟೆಯ ಚಳಿ ಮತ್ತು ಕೊಯ್ಲಿನ ಸದ್ದು. ಅರ್ಜಿ ಹಾಕುವ ಮುಂಚೆ ಇಲಾಖೆಗೆ ಫೋನ್ ಮಾಡಿ, ಒಂದು ದಿನ ಪ್ಲಾಂಟ್‌ನಲ್ಲಿ ನಿಂತು ನೋಡಲು ಅವಕಾಶ ಕೇಳಿ. ಹೋಗುವಾಗ ರಬ್ಬರ್ ಬೂಟು ನಿಮ್ಮದೇ ಇರಲಿ. ಅವರಲ್ಲಿ ಇರುವುದು ಸಾಮಾನ್ಯವಾಗಿ ಹನ್ನೆರಡನೇ ಸೈಜು.